ಒಂದೇ ಹೆಸರಿನ ಎರಡು ಊರುಗಳು: ಬೆಂಗಳೂರು ಬಿಡಬೇಕೆಂದ ಪತಿ, ಬಿಡಲಾರೆನೆಂದ ಪತ್ನಿ

(ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ದಂಪತಿಯೊಂದರ ಕಥೆಯಿದು, ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ವಯಸ್ಸು, ವೃತ್ತಿ ಮತ್ತು ಬಡಾವಣೆಯ ವಿವರಗಳನ್ನು ಬದಲಿಸಿದ್ದೇನೆ.)

ಪತಿಗೆ 41 ವರ್ಷ, ಪತ್ನಿಗೆ 37. ಒಂಬತ್ತು ವರ್ಷದ ಮಗಳಿದ್ದಾಳೆ. ಬನಶಂಕರಿ ಎರಡನೇ ಹಂತದಲ್ಲಿ ಬಾಡಿಗೆ ಮನೆ. ಪತಿಗೆ ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಪತ್ನಿ ಮನೆಯಿಂದ ನಡೆದೇ ಹೋಗಬಹುದಾದ ಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕಿ. ಪತಿಯ ತಾಯಿ ಮೈಸೂರಿನ ಸರಸ್ವತಿಪುರಂನ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದಾರೆ. ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಂದಿನಿಂದ ‘ಮೈಸೂರಿಗೆ ಹೋಗಿಬಿಡೋಣ’ ಎಂಬ ಮಾತು ಆರಂಭವಾಗಿ, ಭಾನುವಾರ ತಪ್ಪದೆ ನಡೆಯುವ ಜಗಳವಾಗಿ ಬೆಳೆದಿತ್ತು.

ಮೊದಲ ಭೇಟಿಗೆ ಇಬ್ಬರೂ ಬೆಂಗಳೂರಿನ ಒಳಿತು ಕೆಡುಕುಗಳ ಪಟ್ಟಿಯನ್ನು ಬರೆದುಕೊಂಡೇ ಬಂದಿದ್ದರು. ಪತಿಯ ಹಾಳೆಯಲ್ಲಿ ಸಿಲ್ಕ್ ಬೋರ್ಡ್‌ನ ವಾಹನ ದಟ್ಟಣೆ, 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗೆ ಕಾದು ಕುಳಿತ ದಿನಗಳು, ಮನೆ ಬದಲಿಸಿದಾಗಲೆಲ್ಲ ತೆರಬೇಕಾದ ದೊಡ್ಡ ಮೊತ್ತದ ಅಡ್ವಾನ್ಸ್, ಕಚೇರಿಯ ಸುತ್ತಮುತ್ತ ಕನ್ನಡವೇ ಕಿವಿಗೆ ಬೀಳದ ಬೇಸರ ಇವೆಲ್ಲ ಇದ್ದವು. ಪತ್ನಿಯ ಹಾಳೆಯಲ್ಲಿ ನಡೆದು ಹೋಗುವ ದೂರದ ಕೆಲಸ, ಮಗಳ ಸಂಗೀತ ಪಾಠ, ಹತ್ತಿರದ ಮೆಟ್ರೋ ನಿಲ್ದಾಣ, ಮತ್ತು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುವುದಿಲ್ಲ’ ಎಂಬ ಸಾಲು.

ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಅವರು ಒಂದೇ ಊರಿನ ಬಗ್ಗೆ ವಾದಿಸುತ್ತಿಲ್ಲ ಎಂಬುದು ಸ್ಪಷ್ಟವಾಯಿತು. ಆತನು ದೂರುತ್ತಿದ್ದ ಊರು ವೈಟ್‌ಫೀಲ್ಡ್ ಮತ್ತು ಅಲ್ಲಿಗೆ ಹೋಗುವ ರಸ್ತೆ. ಆಕೆ ಹೊಗಳುತ್ತಿದ್ದ ಊರು ಬನಶಂಕರಿಯ ಮೂರು ಕಿಲೋಮೀಟರ್ ಆವರಣ. ಮೈಸೂರಿನ ವಿಷಯದಲ್ಲೂ ಹೀಗೆಯೇ: ಆತನಿಗೆ ಅದು ಸೈಕಲ್ ತುಳಿದು ಕುಕ್ಕರಹಳ್ಳಿ ಕೆರೆಗೆ ಹೋಗುತ್ತಿದ್ದ ಬಾಲ್ಯ, ಆಕೆಗೆ ವರ್ಷಕ್ಕೆ ಎರಡು ಸಲ ಹೋಗಿ ನೆಂಟರ ಕಣ್ಣೆದುರು ನಿಂತು ಬೇಯಿಸುವ ಅತ್ತೆಯ ಅಡುಗೆಮನೆ. ನೀರಿನ ಕಾರಣ ಕೊಟ್ಟು ಊರು ಬಿಡುವ ಮಾತನ್ನು ನಾನು ಅಲ್ಲಿಯೇ ಬದಿಗಿಟ್ಟೆ. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿ ನೀರು ಅವರ ಮನೆಗೆ ಬರುತ್ತದೆ, ಟ್ಯಾಂಕರ್ ಕಷ್ಟ ಹಿಂದೆ ಇದ್ದ ಹೊರವಲಯದ ಬಾಡಿಗೆ ಮನೆಯದು.

ಪಟ್ಟಿಗಳನ್ನು ಮಡಚಿಟ್ಟು, ಕಳೆದ ವಾರದ ಒಂದು ಮಂಗಳವಾರವನ್ನು ಗಂಟೆ ಗಂಟೆಗೂ ಬರೆಯುವಂತೆ ಇಬ್ಬರಿಗೂ ಹೇಳಿದೆ. ಪತಿ ವಾರದಲ್ಲಿ ಮೂರು ದಿನ ಕಾರಿನಲ್ಲಿ ಕಚೇರಿಗೆ ಹೋಗಿಬರುವುದಕ್ಕೆ ದಿನಕ್ಕೆ ಸುಮಾರು ನಾಲ್ಕು ಗಂಟೆ ಕಳೆಯುತ್ತಿದ್ದರು. ಬನಶಂಕರಿಯಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ 2023ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ತೆರೆದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ ತಲುಪಬಹುದೆಂಬುದು ಅವರಿಗೆ ತಿಳಿದಿತ್ತು. ಕಾರಿನ ಕಂತು ಇನ್ನೂ ಕಟ್ಟುತ್ತಿರುವಾಗ ಅದನ್ನು ಮನೆಯಲ್ಲಿ ನಿಲ್ಲಿಸಲು ಮನಸ್ಸು ಬಂದಿರಲಿಲ್ಲ. (ಇಂಥ ಕಾರುಗಳ ಕಥೆಯನ್ನು ನಾನು ಬಹಳ ಕೇಳಿದ್ದೇನೆ.) ಪತ್ನಿಯ ಮಂಗಳವಾರದಲ್ಲಿ ಸಂಜೆ ಆರರಿಂದ ಎಂಟೂವರೆಯವರೆಗೆ ಪತಿಯ ಹೆಸರೇ ಇರಲಿಲ್ಲ. ಅದನ್ನು ಓದಿದಾಗ ಆತ ಬಹಳ ಹೊತ್ತು ಮಾತನಾಡಲಿಲ್ಲ.

ಎರಡನೇ ಭೇಟಿಯಲ್ಲಿ ಒಂದು ಸರಳ ಪ್ರಶ್ನೆ ಕೇಳಿದೆ: ಅಮ್ಮನ ಅಭಿಪ್ರಾಯವೇನು? ಯಾರೂ ಕೇಳಿರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿದರು. ತಾಯಿಯ ಉತ್ತರವನ್ನು ಮಗನೇ ನಗುತ್ತ ತಿಳಿಸಿದರು: “ಬನ್ನಿ, ಬೇಡ ಅನ್ನಲ್ಲ. ಆದ್ರೆ ಮೇಲಿನ ಬಾಡಿಗೆಯವರನ್ನ ನಾನು ಬಿಡಿಸಲ್ಲ ಕಣೋ. ರಾತ್ರಿ ಎದೆನೋವು ಬಂದಾಗ ಆಟೋ ಕರೆದವನು ಆ ಹುಡುಗ.” ತನ್ನ ಜಾಗವನ್ನು ಬೇರೆ ಯಾರೋ ತುಂಬಿದ್ದಾರೆ ಎಂಬ ನೋವು ಆ ನಗೆಯಲ್ಲಿತ್ತು, ಉಳಿದ ಸಮಯವನ್ನು ಅದಕ್ಕೇ ಕೊಟ್ಟೆವು.

ನಾನು ನೀಡಿದ ಸಲಹೆ ಹೀಗಿತ್ತು. ಈ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಮನೆ ಖಾಲಿ ಮಾಡುವ ಮಾತು ಬೇಡ. ಪತಿ ತಿಂಗಳಿಗೊಂದು ವಾರ ಮೈಸೂರಿನಿಂದ ಕೆಲಸ ಮಾಡಲು ಕಂಪನಿಯ ಅನುಮತಿ ಕೇಳಲಿ, ಆ ವಾರ ಕಚೇರಿಗೆ ಹೋಗಲೇಬೇಕಾದ ದಿನ ಬಸ್ಸಿನಲ್ಲಿ ಕೆಂಗೇರಿಗೆ ಬಂದು ಮೆಟ್ರೋ ಹಿಡಿಯಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ಮೈಸೂರು ಹತ್ತಿರವಾಗಿದೆ ಎನ್ನುವವರು ಕೆಂಗೇರಿಯಿಂದ ವೈಟ್‌ಫೀಲ್ಡ್‌ಗಿರುವ ದೂರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆ ದೂರವನ್ನು ದೇಹವೇ ಅಳೆದು ನೋಡಬೇಕು. ಈ ಪ್ರಯೋಗಕ್ಕೆ ದಸರೆಯ ದಿನಗಳು ಬೇಡ, ಆಗ ಮೈಸೂರು ಅತಿಥಿಗಳಿಗಾಗಿ ಸಿಂಗರಿಸಿಕೊಂಡಿರುತ್ತದೆ. ಏಪ್ರಿಲ್‌ನಲ್ಲಿ ಹೋಗಿ ನೋಡಲಿ. ಮುಂದೆ ನಿಜವಾಗಿಯೂ ಹೋಗುವುದಾದರೆ ಮೊದಲ ವರ್ಷ ತಾಯಿಯ ಮನೆಗೆ ಹೋಗದೆ ಕುವೆಂಪುನಗರದಂಥ ಹತ್ತಿರದ ಬಡಾವಣೆಯಲ್ಲಿ ಬೇರೆ ಬಾಡಿಗೆ ಮನೆ ಹಿಡಿಯಬೇಕು, ಮತ್ತು ಪತ್ನಿಗೆ ಅಲ್ಲಿ ಕೆಲಸದ ಆದೇಶ ಕೈಗೆ ಬರುವ ಮೊದಲು ಇಲ್ಲಿ ರಾಜೀನಾಮೆ ಕೊಡಕೂಡದು. ಈ ಕೊನೆಯ ಷರತ್ತಿನ ಬಗ್ಗೆ ಪತಿ ತುಸು ಮುನಿಸಿಕೊಂಡರು. ನಾನು ಅದನ್ನು ಸಡಿಲಿಸಲಿಲ್ಲ, ಏಕೆಂದರೆ ಊರು ಬದಲಿಸಿದ ಮನೆಗಳಲ್ಲಿ ಹೆಂಗಸಿನ ಕೆಲಸ ‘ಆಮೇಲೆ ನೋಡೋಣ’ ಎಂಬ ಮಾತಿನಲ್ಲೇ ಮುಗಿದುಹೋದದ್ದನ್ನು ಹಲವು ಬಾರಿ ಕಂಡಿದ್ದೇನೆ.

ಮೂರನೇ ಭೇಟಿಗೆ ಬರುವ ಹೊತ್ತಿಗೆ ಪತಿ ಎರಡು ಬಾರಿ ಮೈಸೂರಿನಲ್ಲಿ ವಾರ ಕಳೆದು, ತಾಯಿಯನ್ನು ಅಲ್ಲಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ದಿದ್ದರು. ಬೆಂಗಳೂರಿನಲ್ಲಿ ಕಾರಿಗೆ ಹೊದಿಕೆ ಹಾಕಿ ನಿಲ್ಲಿಸಿದ್ದರು. ಪತ್ನಿ ಮೈಸೂರಿನ ಒಂದು ಶಾಲೆಗೆ ಅರ್ಜಿ ಹಾಕಿದ್ದಾರೆ, ಆದರೆ ಆ ವಿಷಯ ಅತ್ತೆಗೆ ಸದ್ಯಕ್ಕೆ ತಿಳಿಯಕೂಡದೆಂದು ಇಬ್ಬರೂ ಒಪ್ಪಿಕೊಂಡಿದ್ದಾರೆ. ಮುಂದಿನ ಭೇಟಿ ಮಗಳ ಪರೀಕ್ಷೆ ಮುಗಿದ ಮೇಲೆ.