ಒರಾಡೂರ್ ಊರನ್ನು ಹಾಗೇ ಪಾಳು ಬಿಟ್ಟಿದ್ದೇಕೆ?

ಫ್ರಾನ್ಸಿನ ಒರಾಡೂರ್-ಸುರ್-ಗ್ಲಾನ್ ಊರನ್ನು ಮತ್ತೆ ಕಟ್ಟದೆ ಪಾಳು ಬಿಟ್ಟಿದ್ದೇಕೆ ಅಂತ ಕೇಳಿದ್ದೀರಿ. ಕಟ್ಟಲಿಲ್ಲ ಅಂತಲ್ಲ, ಪಕ್ಕದಲ್ಲೇ ಹೊಸ ಊರು ಕಟ್ಟಿದರು. ಹಳೆಯದನ್ನು ಬೇಕೆಂದೇ ಹಾಗೆ ಉಳಿಸಿದರು.

1944ರ ಜೂನ್ 10ರಂದು ಜರ್ಮನಿಯ ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್ ಅಲ್ಲಿ 640ಕ್ಕೂ ಹೆಚ್ಚು ಜನರನ್ನು ಕೊಂದಿತು. ಗಂಡಸರನ್ನು ಕೊಟ್ಟಿಗೆಗಳಲ್ಲಿ ಗುಂಡಿಟ್ಟು ಕೊಂದರು. ಹೆಂಗಸರು, ಮಕ್ಕಳನ್ನು ಚರ್ಚಿನೊಳಗೆ ಕೂಡಿಹಾಕಿ ಬೆಂಕಿ ಹಚ್ಚಿದರು. ಚರ್ಚಿನಲ್ಲಿದ್ದವರಲ್ಲಿ ಒಬ್ಬಾಕೆ ಮಾತ್ರ ಕಿಟಕಿಯಿಂದ ಹಾರಿ ಬದುಕಿಕೊಂಡರು. ಮುಂದಿನ ವರ್ಷ ಫ್ರಾನ್ಸಿನ ಆಗಿನ ನಾಯಕ ದ ಗಾಲ್ ಅಲ್ಲಿಗೆ ಬಂದರು. ಆ ಅವಶೇಷವನ್ನು ಉಳಿಸಲು ಸರ್ಕಾರ ನಿಂತಿತು. ಇವತ್ತಿಗೂ ಅಲ್ಲಿ ತುಕ್ಕು ಹಿಡಿದ ಹೊಲಿಗೆ ಯಂತ್ರಗಳು, ಕಾರು, ಕರಗಿ ಮುದ್ದೆಯಾದ ಚರ್ಚಿನ ಗಂಟೆ ಇವೆ.

ಆದರೆ ನೆನಪು ಬರೀ ಕಲ್ಲು, ಕಬ್ಬಿಣದ್ದಲ್ಲ, ಅಲ್ವಾ? ನನಗೆ ಹೆಚ್ಚು ನೋವಾಗುವುದು ಈ ಹತ್ಯಾಕಾಂಡದ ಬಗ್ಗೆ 1953ರಲ್ಲಿ ಬೋರ್ಡೋ ನಗರದಲ್ಲಿ ನಡೆದ ನ್ಯಾಯಾಲಯದ ವಿಚಾರಣೆಯ ವಿಷಯದಲ್ಲಿ. ಆರೋಪಿಗಳಲ್ಲಿ ಫ್ರಾನ್ಸಿನದೇ ಅಲ್ಸಾಸ್ ಪ್ರಾಂತದವರೂ ಇದ್ದರು, ಅವರಲ್ಲಿ ಹೆಚ್ಚಿನವರು ಜರ್ಮನ್ನರು ತಮ್ಮ ಪಡೆಗೆ ಬಲವಂತವಾಗಿ ಸೇರಿಸಿಕೊಂಡವರು. ಶಿಕ್ಷೆಯಾಗಿ ಕೆಲವೇ ದಿನಕ್ಕೆ ಸಂಸತ್ತು ಆ ಬಲವಂತದವರಿಗೆ ಕ್ಷಮಾದಾನ ಕೊಟ್ಟಿತು. ಊರಿನವರು ಕುದಿದುಹೋದರು. ಸರ್ಕಾರ ಕೊಟ್ಟ ಗೌರವ ಪದಕವನ್ನೇ ವಾಪಸ್ ಮಾಡಿದರು. ಸತ್ತವರ ಬೂದಿಯನ್ನು ಸರ್ಕಾರಿ ಸ್ಮಾರಕದಲ್ಲಿ ಇಡಲೂ ಒಪ್ಪಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ ಅನ್ನುತ್ತೇನೆ. ಹೋಗುವುದಾದರೆ 1999ರಲ್ಲಿ ತೆರೆದ ಸ್ಮರಣ ಕೇಂದ್ರವನ್ನು ಮೊದಲು ನೋಡಿ, ಆಮೇಲೆ ಹಳೆ ಬೀದಿಗೆ ಹೋಗಿ.