ಕಲಬುರಗಿಯ ಬೈಕ್ ಕಳವಿಗೆ ಅಪರಾಧಶಾಸ್ತ್ರದ ಯಾವ ಸಿದ್ಧಾಂತ ಹಚ್ಚಬೇಕು?

ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತಲಿನ ಬೈಕ್ ಕಳವನ್ನು ಪ್ರಾಜೆಕ್ಟ್‌ಗೆ ಆರಿಸಿಕೊಂಡಿದ್ದೀರಿ. ಅಪರಾಧದ ಬಗ್ಗೆ ಬರೆದ ಸಮಾಜಶಾಸ್ತ್ರಜ್ಞರಾದ ಮರ್ಟನ್, ಸದರ್‌ಲ್ಯಾಂಡ್, ಹಿರ್ಷಿ ಈ ಮೂವರಲ್ಲಿ ಯಾರನ್ನು ಹಿಡಿಯಲಿ ಎಂದು ಕೇಳಿದ್ದೀರಿ. ಮೊದಲು ಪ್ರಶ್ನೆಯನ್ನು ಎರಡು ಮಾಡಿಕೊಳ್ಳಿ: ಒಬ್ಬ ಹುಡುಗ ಕಳವಿಗೆ ಯಾಕೆ ಇಳಿದ? ಕಳವು ಇದೇ ಜಾಗದಲ್ಲಿ, ಇದೇ ಹೊತ್ತಿಗೆ ಯಾಕೆ ಆಗುತ್ತದೆ?

ಆ ಮೂವರೂ ಮೊದಲನೆಯದಕ್ಕೆ ಉತ್ತರ ಕೊಡುವವರು. ಎಲ್ಲರಿಗೂ ಒಂದೇ ಗುರಿ ತೋರಿಸಿ, ಅಲ್ಲಿಗೆ ಹೋಗುವ ದಾರಿಯನ್ನು ಕೆಲವರಿಗಷ್ಟೇ ತೆರೆದರೆ ಒತ್ತಡ ಹುಟ್ಟುತ್ತದೆ ಎಂದು ಮರ್ಟನ್ 1938ರಲ್ಲಿ ವಾದಿಸಿದರು. ಕಳವಿನ ಕೈಚಳಕವನ್ನೂ ಅದಕ್ಕೆ ಕೊಡುವ ಸಮರ್ಥನೆಯನ್ನೂ ಹತ್ತಿರದವರ ಒಡನಾಟದಲ್ಲೇ ಕಲಿಯುತ್ತಾರೆ ಎಂಬುದು ಸದರ್‌ಲ್ಯಾಂಡ್ ವಾದ. ಹಿರ್ಷಿ 1969ರಲ್ಲಿ, ಉಳಿದವರು ಯಾಕೆ ಕದಿಯುವುದಿಲ್ಲ ಎಂದು ಕೇಳಿದರು; ಮನೆ, ಶಾಲೆಗಳ ಜೊತೆಗಿನ ನಂಟು ತಡೆಯುತ್ತದೆ, ಅದು ಸಡಿಲವಾದವನು ಕಳವಿಗೆ ಇಳಿಯುತ್ತಾನೆ ಎಂಬುದು ಅವರ ಉತ್ತರ. ಇವುಗಳನ್ನು ಪರೀಕ್ಷಿಸಲು ಹುಡುಗರ ಜೊತೆ ಕೂತು ಮಾತಾಡಬೇಕು. ಎಫ್‌ಐಆರ್‌ನಲ್ಲಿ ಇದ್ಯಾವುದೂ ಸಿಗುವುದಿಲ್ಲ.

ನಿಮ್ಮ ಕೈಲಿರುವುದು ಎಫ್‌ಐಆರ್ ಮಾತ್ರ. ಹಾಗಾಗಿ 1979ರಲ್ಲಿ ಕೋಹೆನ್ ಮತ್ತು ಫೆಲ್ಸನ್ ಮಂಡಿಸಿದ ದಿನಚರಿ ಸಿದ್ಧಾಂತವನ್ನು ಹಿಡಿಯಿರಿ. ಕದಿಯಲು ಸಿದ್ಧನಿರುವವನು, ಕೈಗೆ ಸಿಗುವ ವಸ್ತು, ಕಾಯುವವರ ಗೈರು – ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಿದರೆ ಕಳವು. ಕಾಯುವವರು ಎಂದರೆ ಪೊಲೀಸರೇ ಆಗಬೇಕಿಲ್ಲ; ಹೂವಿನ ಅಂಗಡಿಯವಳು, ಪಾರ್ಕಿಂಗ್ ಹುಡುಗ, ಗೇಟಿನ ವಾಚ್‌ಮನ್ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ.

ಈ ವಾದಕ್ಕೆ ಒಳ್ಳೆಯ ಸಾಕ್ಷಿ ಪಶ್ಚಿಮ ಜರ್ಮನಿಯದು. ಹೆಲ್ಮೆಟ್ ಇಲ್ಲದವರಿಗೆ ಅಲ್ಲಿ 1980ರಿಂದ ದಂಡ ಹಾಕತೊಡಗಿದರು. 1986ರ ಹೊತ್ತಿಗೆ ಬೈಕ್ ಕಳವು ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿದಿತ್ತು. ನಿಂತ ಗಾಡಿ ಕಂಡು ಆಗಲೇ ಮನಸ್ಸು ಮಾಡಿದವನ ಕೈಲಿ ಹೆಲ್ಮೆಟ್ ಇರುವುದಿಲ್ಲ, ಬರಿತಲೆಯಲ್ಲಿ ಹೊರಟರೆ ಸಿಕ್ಕಿಬೀಳುತ್ತಾನೆ. ಬಡತನ, ಸಹವಾಸ ಯಾವುದೂ ಬದಲಾಗಿರಲಿಲ್ಲ, ಅವಕಾಶವಷ್ಟೇ ಕಡಿಮೆಯಾಗಿತ್ತು. ಆ ಕಳ್ಳರೆಲ್ಲ ಕಾರು, ಸೈಕಲ್‌ಗಳ ಕಡೆ ತಿರುಗಿದರು ಎನ್ನುವಂಥ ಏರಿಕೆಯೂ ಕಾಣಲಿಲ್ಲ. ನಮ್ಮ ಊರಿನಲ್ಲಿ ಪರೀಕ್ಷಿಸಲು ಇಷ್ಟು ಹೊಂದುವ ಊಹೆ ಬೇರೆ ಸಿಗಲಿಕ್ಕಿಲ್ಲ.

ಲೆಕ್ಕ ತಪ್ಪುವುದು ಹೆಚ್ಚಾಗಿ ವೇಳೆಯಲ್ಲಿ. ಬೆಳಿಗ್ಗೆ 10ಕ್ಕೆ ಗಾಡಿ ನಿಲ್ಲಿಸಿದವರು ಸಂಜೆ 6ಕ್ಕೆ ಬಂದು ನೋಡಿದಾಗ ಇರುವುದಿಲ್ಲ. ದೂರಿನ ವೇಳೆಯನ್ನೋ ಸಂಜೆ 6ನ್ನೋ ಬರೆದುಕೊಂಡರೆ ಕಳವೆಲ್ಲ ಸಂಜೆಗೇ ಆದಂತೆ ಕಾಣುತ್ತದೆ. ಆ ಒಂದು ಪ್ರಕರಣವನ್ನು ಎಂಟು ತಾಸಿಗೆ ಹಂಚಿ, ತಾಸಿಗೆ ಎಂಟನೇ ಒಂದು ಪಾಲು ಹಾಕಿ. ಎಲ್ಲ ಪ್ರಕರಣಗಳ ಪಾಲು ಕೂಡಿಸಿದ ಮೇಲೆ ನಿಜವಾದ ಏರಿಳಿತ ಕಾಣತೊಡಗುತ್ತದೆ.

ಸ್ಥಳದ ಲೆಕ್ಕಕ್ಕೂ ಭಾಗಿಸುವ ಸಂಖ್ಯೆ ಬೇಕು. ಗಾಡಿಗಳು ಹೆಚ್ಚು ನಿಲ್ಲುವ ಕಡೆ ಕಳವೂ ಹೆಚ್ಚು, ಅದರಲ್ಲಿ ಹೊಸದೇನಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ಒಂದೊಂದು ಬೀದಿಯಲ್ಲೂ ನಿಂತ ಗಾಡಿಗಳನ್ನು ಎಣಿಸಿ, ಸಾವಿರ ಗಾಡಿಗೆ ಎಷ್ಟು ಎಂದು ನೋಡಿ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸಿನ ದಿನಗಳನ್ನು ಬೇರೆ ತಃಖ್ತೆಯಲ್ಲಿಡಿ (ಕೋಷ್ಟಕದಲ್ಲಿಡಿ), ಆಗ ಊರಿನ ಓಡಾಟವೇ ಬೇರೆ. ದಾಖಲಾಗದ ಕಳವುಗಳೂ ಇರುತ್ತವೆ: ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಕಳವಿಗೆ ಪರಿಹಾರ ಸಿಗದು, ಹಾಗಾಗಿ ಹಳೆಯ ಗಾಡಿಯವರಿಗೆ ಠಾಣೆಗೆ ಹೋಗುವ ಒತ್ತಾಯ ಕಡಿಮೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬಂಧಿತರ ಪಟ್ಟಿ ನೋಡಿ ಇಂಥ ಓಣಿಯವರು, ಇಂಥ ಸಮುದಾಯದವರು ಎಂಬ ತೀರ್ಮಾನಕ್ಕೆ ಹೋಗಬೇಡಿ. ಯಾರು ಕದ್ದರು ಎಂಬುದರ ಜೊತೆಗೆ, ಪೊಲೀಸರು ಎಲ್ಲಿ ಹುಡುಕಿದರು ಎಂಬುದೂ ಆ ಪಟ್ಟಿಯಲ್ಲಿ ಬೆರೆತಿರುತ್ತದೆ. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಿಂದ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದರು. ಆ ಪಟ್ಟಿ 1952ರಲ್ಲಿ ರದ್ದಾದರೂ, ಅದರಿಂದ ಹೊರಬಂದ ‘ವಿಮುಕ್ತ’ ಸಮುದಾಯಗಳ ಮೇಲಿನ ಸಂಶಯ ಇಂದಿಗೂ ಪೂರ್ತಿ ಹೋಗಿಲ್ಲ. ಹಣೆಪಟ್ಟಿಯೇ ಮನುಷ್ಯನನ್ನು ಅದೇ ದಾರಿಗೆ ತಳ್ಳುತ್ತದೆ ಎಂಬ ಸಮಾಜಶಾಸ್ತ್ರಜ್ಞ ಬೆಕರ್ ವಾದವನ್ನು (1963) ಇಲ್ಲಿ ಓದಿಕೊಳ್ಳಿ. ನಿಮ್ಮ ತಃಖ್ತೆಗೆ ಸ್ಥಳ, ವೇಳೆಯ ಅವಧಿ, ಗಾಡಿಯ ಮಾದರಿ, ಹ್ಯಾಂಡಲ್ ಲಾಕ್ ಹಾಕಿತ್ತೋ ಇಲ್ಲವೋ, ಇಷ್ಟು ಕಾಲಂ ಸಾಕು. ಆರೋಪಿಯ ಹೆಸರಿನ ಕಾಲಂ ಬೇಡ.