‘ಇಬ್ಬರೂ ಸುಳ್ಳುಗಾರರಲ್ಲ’ ಎಂದರೆ ಏನರ್ಥ?

ಪ್ರಶ್ನೆ: ಒಂದು ದ್ವೀಪದಲ್ಲಿ ಸದಾ ನಿಜ ಹೇಳುವ ಸತ್ಯವಂತರು, ಸದಾ ಸುಳ್ಳಾಡುವ ಸುಳ್ಳುಗಾರರು ಮಾತ್ರ ಇದ್ದಾರೆ. ಅಲ್ಲಿನ ಸೋಮನು ಪಕ್ಕದಲ್ಲಿರುವ ಭೀಮನನ್ನು ತೋರಿಸಿ, ‘ನಾವಿಬ್ಬರೂ ಸುಳ್ಳುಗಾರರು’ ಎನ್ನುತ್ತಾನೆ. ಮಾತು ನಿಜವಾದರೆ ಸೋಮ ಸುಳ್ಳುಗಾರನಾಗಬೇಕು. ಸುಳ್ಳಾದರೆ ಇಬ್ಬರೂ ಸತ್ಯವಂತರಾಗಬೇಕು. ಎರಡೂ ಹೊಂದುವುದಿಲ್ಲ. ಒಗಟೇ ತಪ್ಪಲ್ಲವೇ? ಮಗಳಿಗೆ ಏನು ಹೇಳಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಗಟು ಸರಿಯಾಗಿದೆ. ನಿಮ್ಮ ಮೊದಲ ಹೆಜ್ಜೆಯೂ ಸರಿ: ‘ನಾನು ಸುಳ್ಳುಗಾರ’ ಎಂಬ ಅರ್ಥ ಬರುವ ಮಾತನ್ನು ಸತ್ಯವಂತನು ಆಡಲಾರನಾದ್ದರಿಂದ ಸೋಮ ಸುಳ್ಳುಗಾರನೇ. ಎಡವಿರುವುದು ಎರಡನೆಯ ಹೆಜ್ಜೆಯಲ್ಲಿ. ‘ಇಬ್ಬರೂ ಸುಳ್ಳುಗಾರರು’ ಎಂಬುದು ಸುಳ್ಳಾಗಲು ಇಬ್ಬರೂ ಸತ್ಯವಂತರಾಗಬೇಕಿಲ್ಲ, ಒಬ್ಬನಾದರೂ ಸತ್ಯವಂತನಾಗಿದ್ದರೆ ಸಾಕು. ಸೋಮನಂತೂ ಅಲ್ಲ, ಆದ್ದರಿಂದ ಆ ಒಬ್ಬ ಭೀಮ.

ಈ ತಪ್ಪಿಗೆ ನಮ್ಮ ಭಾಷೆಯ ರೂಢಿಯೂ ಕಾರಣವೆಂದು ನನಗನ್ನಿಸುತ್ತದೆ. ‘ಇಬ್ಬರೂ ಸುಳ್ಳುಗಾರರು’ ಎಂಬುದನ್ನು ನಿರಾಕರಿಸಲು ಹೊರಟಾಗ ನಾಲಿಗೆಗೆ ಮೊದಲು ಬರುವುದು ‘ಇಬ್ಬರೂ ಸುಳ್ಳುಗಾರರಲ್ಲ’ ಎಂಬ ವಾಕ್ಯ. ಆದರೆ ಕನ್ನಡದ ಕಿವಿಗೆ ಅದು ಇಬ್ಬರಲ್ಲಿ ಒಬ್ಬನೂ ಸುಳ್ಳುಗಾರನಲ್ಲ ಎಂದೇ ಕೇಳಿಸುತ್ತದೆ. ‘ಎಲ್ಲರೂ ಊಟಕ್ಕೆ ಬಂದಿಲ್ಲ’ ಎಂದಾಗ ಯಾರೂ ಬಂದಿಲ್ಲವೋ, ಕೆಲವರು ಬಂದು ಕೆಲವರು ಬಾಕಿಯೋ ಎಂದು ಅಡುಗೆಯವರು ಮತ್ತೆ ಕೇಳಬೇಕಾಗುತ್ತದೆಯಲ್ಲ, ಹಾಗೆಯೇ ಇದು. ಆದ್ದರಿಂದ ಮಗಳಿಗೆ ಒಂದು ಅಭ್ಯಾಸ ಮಾಡಿಸಿ: ಸುಳ್ಳುಗಾರನ ಮಾತನ್ನು ತಿರುಗಿಸಿ ಹೇಳದೆ, ಇದ್ದಂತೆಯೇ ಬರೆದು, ಕೊನೆಗೆ ‘ಎಂಬುದು ನಿಜವಲ್ಲ’ ಎಂದು ಸೇರಿಸಲಿ. ‘ಇಬ್ಬರೂ ಸುಳ್ಳುಗಾರರು ಎಂಬುದು ನಿಜವಲ್ಲ’ ಎಂದು ಬರೆದ ಮೇಲೆ ‘ಹಾಗಾದರೆ ಕನಿಷ್ಠ ಒಬ್ಬ ಸತ್ಯವಂತ’ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಇಂಥ ಒಗಟುಗಳನ್ನು ಜನಪ್ರಿಯಗೊಳಿಸಿದ ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್ (1919–2017) ಅವರ ದ್ವೀಪಗಳಲ್ಲಿಯೂ ‘ನಾನು ಸುಳ್ಳುಗಾರ’ ಎಂದು ಯಾರೂ ಹೇಳಲಾರರು: ಸತ್ಯವಂತ ಹೇಳಿದರೆ ಅದು ಸುಳ್ಳಾಗುತ್ತದೆ, ಸುಳ್ಳುಗಾರ ಹೇಳಿದರೆ ನಿಜವಾಗುತ್ತದೆ. ಸೋಮನ ಮಾತಿನಲ್ಲಿ ಭೀಮನೂ ಸೇರಿರುವುದರಿಂದಲೇ ಅದು ಸುಳ್ಳಾಗಲು ಎಡೆಯಿದೆ.

ಪ್ರಶ್ನೆ: ಮೂವರಲ್ಲಿ ಸೋಮ, ‘ನಾವು ಮೂವರೂ ಸುಳ್ಳುಗಾರರು’ ಎನ್ನುತ್ತಾನೆ. ಭೀಮ, ‘ನಮ್ಮಲ್ಲಿ ಸುಳ್ಳುಗಾರ ಒಬ್ಬನೇ’ ಎನ್ನುತ್ತಾನೆ. ಶ್ಯಾಮ ಮೌನಿ. ಎಷ್ಟು ಯೋಚಿಸಿದರೂ ಭೀಮ ಯಾರೆಂದು ತಿಳಿಯುತ್ತಿಲ್ಲ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಿಳಿಯದಿರುವುದು ನಿಮ್ಮ ಕೊರತೆಯಲ್ಲ. ಮೂವರಿಗೆ ಒಟ್ಟು 8 ಸಾಧ್ಯತೆಗಳಿವೆ. ಸೋಮ ಸುಳ್ಳುಗಾರನೆಂದು ಖಚಿತವಾದೊಡನೆ 4 ಉಳಿಯುತ್ತವೆ. ಭೀಮ ಸತ್ಯವಂತನಾದರೆ ಸುಳ್ಳುಗಾರ ಸೋಮನೊಬ್ಬನೇ, ಆಗ ಶ್ಯಾಮ ಸತ್ಯವಂತ. ಭೀಮ ಸುಳ್ಳುಗಾರನಾದರೆ ಸೋಮ, ಭೀಮ ಇಬ್ಬರೂ ಸುಳ್ಳುಗಾರರು. ಸೋಮನ ಮಾತು ಸುಳ್ಳಾಗಬೇಕಾದ್ದರಿಂದ ಮೂವರಲ್ಲಿ ಒಬ್ಬ ಸತ್ಯವಂತ ಇರಲೇಬೇಕು, ಅವನು ಶ್ಯಾಮನೇ. ಹೀಗೆ ಒಂದು ಮಾತನ್ನೂ ಆಡದ ಶ್ಯಾಮನ ವಿಷಯ ತೀರ್ಮಾನವಾಗುತ್ತದೆ, ಮಾತಾಡಿದ ಭೀಮನದು ಆಗುವುದಿಲ್ಲ. ಉತ್ತರ ಬರೆಯುವಾಗ ಭೀಮನ ಎದುರು ‘ಹೇಳಲಾಗದು’ ಎಂದು ಧೈರ್ಯವಾಗಿ ಬರೆದು, ಮೇಲಿನ ಎರಡೂ ಸಾಧ್ಯತೆಗಳನ್ನು ಕೆಳಗೆ ತೋರಿಸಿ.